ಪಶ್ಚಾತ್ತಾಪಕ್ಕೊಂದು ಟವೆಲ್ಲು

ಮನುಷ್ಯನಿಗೆ ಯಾವುದಾದರೊಂದು ವಿಷಯದಲ್ಲಿ ಜಂಬವಿರಬೇಕು. ಇಲ್ಲದಿದ್ದರೆ ಮನೆಯ ಬೆಕ್ಕೂ ಲೆಕ್ಕಕ್ಕಿಡುವುದಿಲ್ಲ. ನನ್ನ ಜಂಬ ಶಬ್ದಗಳದ್ದು. ಎಪ್ಪತ್ತರ ದಶಕದಲ್ಲಿ ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತ. ಎಂಥ ಶಬ್ದ ಕೊಟ್ಟರೂ ಬೇರು ಸಮೇತ ಕಿತ್ತು ಮೇಜಿನ ಮೇಲಿಡುತ್ತಿದ್ದೆ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿ ಸರೋಜ ನೊಂದುಕೊಂಡರೆ, ಸಮಾಧಾನ ಹೇಳುವುದು ಬಿಟ್ಟು 'ಪಶ್ಚಾತ್ತಾಪ'ದ ಹುಟ್ಟು ವಿವರಿಸುತ್ತಿದ್ದೆ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬಿಸಿ. ತಪ್ಪು ಮಾಡುವಾಗ ತಣ್ಣಗಿದ್ದು, ಮಾಡಿಯಾದ ಮೇಲೆ ಸುಡುವಂಥದ್ದು. ಜಗಳೂರಿನವಳಾದ ಸರೋಜ, "ಅದಕ್ಕೆ ನಮ್ಮೂರಾಗೆ ಹಳಹಳಿ ಅಂತಾರೆ ಕಣ್ರೀ, ಇಷ್ಟುದ್ದ ಯಾಕೆ?" ಎಂದಳು. "ಥೂ, ಅದೂ ಒಂದು ಶಬ್ದವೇ! ಹುಟ್ಟಿಲ್ಲ, ಮನೆತನವಿಲ್ಲ" ಎಂದೆ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.

ಇದೇ ಶಬ್ದದ ಮೇಲೆ ಭಾಷಣ ಮಾಡಬೇಕೆಂದು ಚನ್ನಗಿರಿಯಿಂದ ಕರೆ ಬಂತು. ಕಾಲು ನೆಲದ ಮೇಲಿರಲಿಲ್ಲ. ನಮ್ಮ ಹೊನ್ನಾಳಿಯಲ್ಲಿ ಆಗ ಒಂದು ಕಾನೂನಿತ್ತು: ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆಯುವುದು; ಅದು ಬಿದ್ದ ಸೀಟು ಎಸೆದವರದ್ದು. ಬಾಯಲ್ಲಿ ಭಾಷಣ ಗುನುಗುತ್ತಾ ನಾನು ಬಸ್ಸು ಹತ್ತಿದೆ. ಮೂರನೇ ಸೀಟಿನ ಮೇಲೆ ಕೆಂಪಂಚಿನ ಬಿಳಿ ಟವೆಲ್ಲು. ಇನ್ಯಾರದ್ದು? ನಾನೇ ಎಸೆದದ್ದೆಂದು ಹೆಗಲಿಗೇರಿಸಿ ಕೂತೆ.

"ರೀ, ಅದು ನಮ್ ಟವಲ್ರೀ. ನಮ್ಮನೆಯವ್ರು ಕುಂದ್ರಾಕೆ ಹಾಕೀನಿ" ಎಂದಳು ವೀಳ್ಯದೆಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು.

"ನೋಡಮ್ಮಾ, ನಾನು ಕನ್ನಡ ಪಂಡಿತ. ಸುಳ್ಳು ಎಂಬ ಶಬ್ದದ ಅರ್ಥ ಬಲ್ಲೆ, ಬಳಕೆ ಅರಿಯೆ" ಎಂದೆ ಗತ್ತಿನಿಂದ.

"ಅಬ್ಬಬ್ಬಾ, ಎಂಥಾ ಸುಳ್ಳುಬುರುಕ ಮೇಷ್ಟ್ರಪ್ಪಾ!" ಎಂದಳು. ಬಸ್ಸೆಲ್ಲ ನಕ್ಕಿತು.

ಬಸ್ಸು ಹೊರಟ ಮೇಲೆ ಅವಳ ಗಂಡ ಕಂಡ. ಕಣ್ಣಿನ ಆಪರೇಷನ್ ಆಗಿ, ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕಂಬಿ ತಡಕುತ್ತಿದ್ದ. ಏಳಬೇಕಿತ್ತು. ಆದರೆ ಎದ್ದರೆ ಟವೆಲ್ಲು ಅವಳದೇ ಎಂದು ಒಪ್ಪಿದಂತಾಗುತ್ತದಲ್ಲ! ಪಂಡಿತನ ಮರ್ಯಾದೆ ಸೀಟಿಗೆ ಅಂಟಿಕೊಂಡು ಕೂತಿತು. ಕೊನೆಗೆ ಕಂಡಕ್ಟರೇ ತನ್ನ ಸೀಟು ಬಿಟ್ಟುಕೊಟ್ಟ. ಗಂಡ ಹೆಂಡತಿ ಬಸವಾಪಟ್ಟಣದಲ್ಲಿ ಇಳಿದು ಹೋದರು.

ಚನ್ನಗಿರಿಯ ಸಭೆ ತುಂಬಿತ್ತು. "ಪಶ್ಚಾತ್ ಎಂದರೆ ಆಮೇಲೆ..." ಎಂದವನು ಬೆವರೊರೆಸಲು ಚೀಲಕ್ಕೆ ಕೈ ಹಾಕಿದೆ. ಕೆಂಪಂಚಿನ ಟವೆಲ್ಲು ಬಂತು. ಸರೋಜ ಮಡಿಸಿಟ್ಟ ಮಡಿಕೆ ಹಾಗೇ ಇತ್ತು. ಹೆಗಲು ಮುಟ್ಟಿಕೊಂಡರೆ ಅಲ್ಲಿ ಇನ್ನೊಂದು! ನಾನು ಅವತ್ತು ಟವೆಲ್ಲನ್ನು ಎಸೆದೇ ಇರಲಿಲ್ಲ. ಮೈಯೆಲ್ಲ ಬಿಸಿಯಾಯಿತು, ಮಾತು ನಿಂತುಹೋಯಿತು. ಮುಖ ಒರೆಸಿಕೊಂಡೆ. ಸಭಿಕರು ಅದನ್ನು ಭಾವಾವೇಶವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದ ಅತ್ಯುತ್ತಮ ಭಾಷಣ ಅದು.

ಅಲ್ಲಿಂದ ಮುಂದೆ ನನಗೆ ಅನ್ನ ಸೇರಲಿಲ್ಲ. ಬಸ್ಸಿನ ಕುಲುಕಾಟದಲ್ಲಿ ಆ ಕಣ್ಣಿಗೇನಾದರೂ ಆಗಿದ್ದರೆ? ನಡೆದದ್ದೆಲ್ಲ ಕೇಳಿ ಸರೋಜ ಟವೆಲ್ಲು ಒಗೆದು ಕೊಟ್ಟಳು. "ಹೋಗಿ ಕೊಟ್ಟು ಬರ್ರಿ. ಶಬ್ದದ ಹುಟ್ಟು ಹೇಳಾಕೆ ಹೋಗಬ್ಯಾಡ್ರಿ ಮತ್ತೆ" ಎಂದಳು.

ಹೊನ್ನಾಳಿ ಸಂತೆಯ ದಿನ ಎಲೆ ಮಾರುವವರ ಸಾಲಿನಲ್ಲಿ ಅವಳು ಸಿಕ್ಕಳು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಗಂಡ. ನಾನು ಟವೆಲ್ಲು ಚಾಚುವ ಮೊದಲೇ ಅವಳು ಎದ್ದು ನಿಂತಳು.

"ಅಯ್ಯೋ, ಬರ್ರಿ ಮೇಷ್ಟ್ರೆ. ಓದಿದೋರನ್ನ ನಾಕು ಜನದಾಗೆ ಸುಳ್ಳುಬುರುಕ ಅಂದುಬಿಟ್ಟೆ ಅಂತ ಅವತ್ತಿಂದ ನಂಗೆ ಒಂದೇ ಹಳಹಳಿ."

ಆ ಶಬ್ದ ಕಿವಿಗೆ ಬಿದ್ದು ನೆಟ್ಟಗೆ ಎದೆಗಿಳಿಯಿತು. ತಪ್ಪು ಮಾಡಿದವನು ನಾನು, ಸುಡುತ್ತಿದ್ದದ್ದು ಅವಳಿಗೂ. "ನೋಡಮ್ಮಾ, ಪಶ್ಚಾತ್ ಎಂದರೆ ಆಮೇಲೆ..." ಎಂದು ಶುರುಮಾಡಿದೆ. ಹಾಳು ನಾಲಿಗೆ, ಅದೇ ಹೊರಟಿತು!

ಗಂಡ ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಣ್ಣು ಚೆನ್ನಾಗೇ ಕಾಣುತ್ತಿತ್ತು. "ಅದೆಲ್ಲಾ ಇರ್ಲಿ ಸಾರ್. ತಪ್ಪಾತು ಅಂತೀರೋ, ಇಲ್ಲೋ?"

"ತಪ್ಪಾಯಿತು" ಎಂದು ಟವೆಲ್ಲು ಕೊಟ್ಟೆ. ಅವಳು ಒಂದು ಕಟ್ಟು ಎಲೆ ಕೈಗಿಟ್ಟು, "ಮನೆಯೋರಿಗೆ ಕೊಡ್ರಿ" ಎಂದಳು.

ಅಂದಿನಿಂದ ಉತ್ತರಪತ್ರಿಕೆಯಲ್ಲಿ 'ಹಳಹಳಿ' ಕಂಡರೆ ಪೂರ್ತಿ ಅಂಕ ಕೊಡುತ್ತಿದ್ದೆ. ಭಾಷಣವನ್ನಂತೂ ನ್ಯಾಮತಿ, ತ್ಯಾವಣಿಗೆ ಎಂದು ಎಂಬತ್ತರ ದಶಕದುದ್ದಕ್ಕೂ ಮಾಡಿದೆ. 'ಆಮೇಲೆ' ಎಂದು ತಡೆದು, ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುವುದನ್ನು ಒಂದು ಸಲವೂ ಮರೆಯಲಿಲ್ಲ. ಚಪ್ಪಾಳೆ ಬೀಳುತ್ತಿತ್ತು, ಎದೆ ಉಬ್ಬುತ್ತಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ, ಉಬ್ಬಿದ್ದಕ್ಕೆ ಸಣ್ಣಗೆ ಹಳಹಳಿಯಾಗುತ್ತಿತ್ತು.