ನಮ್ಮೋಳ ಎಸೆತ

ನನ್ನ ಹೆಂಡ್ತಿ ಬೇಸ್‌ಬಾಲ್ ಆಡ್ತಿದ್ಲು. ಚೆಂಡು ಎಸೆಯೋ ಕೆಲಸ ಅವಳದು. ಜಿಲ್ಲೇಲೆಲ್ಲಾ ಹೆಸರಿತ್ತು. ಅವಳಿದ್ದ ಕಡೆ ನಗೋ ಸಂಗತಿ ಏನಾರ ನಡೀತಾನೇ ಇರ್ತಿತ್ತು. ಹೋದ ವರ್ಷ ತೀರ್ಕಂಡ್ಲು. ಮನೆ ಸುಮ್ಕೈತೆ. ಅದಕ್ಕೇ ಬರೀತಾ ಕುಂತೀನಿ.

ಹೆಣ್ಣು ನೋಡಿದ್ದು

ಧರ್ಮಪುರದ ಕಡೆ, ಕುರಿ ಸಾಕೋರ ಮನೆ. ನಾವು ಮದಕರಿಪುರದಾಗೆ ಹೊಲ ಮಾಡೋರು. ಉಪ್ಪಿಟ್ಟು ತಿಂತಿದ್ವಿ. ಒಂದು ಕುರಿ ಶೇಂಗಾ ಹೊಲಕ್ಕೆ ನುಗ್ತು. ಹುಡುಗಿ ಬಾಗಿಲಲ್ಲೇ ನಿಂತು ಕಲ್ಲು ಎಸೆದ್ಲು. ಕುರಿ ಮೂತಿ ಮುಂದೆ ಬಿತ್ತು. ಕುರಿ ವಾಪಸ್ ಬಂತು.

"ಗುರಿ ತಪ್ತಲ್ಲಮ್ಮ" ಅಂದ ನಮ್ಮಪ್ಪ.

"ಕುರಿಗೆ ಹೊಡೀಬಾರ್ದು ಮಾವ. ಮುಂದೆ ಹೊಡೆದ್ರೆ ತಾನೇ ತಿರುಗ್ತೈತೆ."

ಅಪ್ಪ ನನ್ನ ಕಿವೀಲಿ ಹೇಳ್ದ: "ಈಗ್ಲೇ ಒಪ್ಕಳಲೇ. ಬ್ಯಾಡ ಅಂದ್ರೆ ನಮ್ಮನ್ನ ಬಸ್‌ಸ್ಟ್ಯಾಂಡ್ ಮುಟ್ಟಾಕೆ ಬಿಡಲ್ಲ."

ಬೆರಳು

ಮದುವೆ ಆದ್ಮೇಲೂ ಆಟ ಬಿಡ್ಲಿಲ್ಲ. ಸಂಜೆ ಕಣದಾಗೆ ಅವಳು ಎಸೀತಿದ್ಲು, ನಾನು ಹಿಡೀತಿದ್ದೆ. ಒಂದಿನ ನನ್ನ ಬೆರಳು ಮುರೀತು.

ದುರ್ಗದ ಡಾಕ್ಟರು ಕೇಳಿದ್ರು, "ಯಾರು ಮುರಿದಿದ್ದು?"

"ಹೆಂಡ್ತಿ."

ಡಾಕ್ಟರು ಬಾಗಿಲು ಹಾಕಿ ಮೆತ್ತಗೆ ಅಂದ್ರು, "ಮನೆಗೆ ಕುಡಿದು ಹೋಗಿದ್ಯೇನಪ್ಪ?"

"ಇಲ್ಲ ಸಾರ್. ರಾಜ್ಯ ತಂಡಕ್ಕೆ ಪ್ರಾಕ್ಟೀಸು."

ಫೈನಲ್

ಫೈನಲ್ ಗೆದ್ರೆ ಅವಳನ್ನ ಇಲಾಖೆ ತಂಡಕ್ಕೆ ಸಂಬಳಕ್ಕೆ ತಗಂತೀವಿ ಅಂದಿದ್ರು ಸರ್ಕಾರದೋರು. "ಸೋತ್ರೆ ಆಟ ಸಾಕು, ಹೊಲಕ್ಕೆ ಬಾರಮ್ಮ" ಅಂದಿದ್ದ ಅಪ್ಪ. ಅವತ್ತು ಬೆಳಿಗ್ಗೆ ಅವಳು ರೊಟ್ಟಿ ಮುಟ್ಲಿಲ್ಲ.

ಕಡೇಗೆ ಎದುರು ತಂಡದ ಹುಡುಗಿ ಕೊನೇ ಮೂಲೆಗೆ ಓಡಿ ಬರ್ತಾವ್ಳೆ. ನಾವು ಒಂದೇ ರನ್ ಮುಂದೆ. ಅವಳು ಮೂಲೆ ಮುಟ್ಟಿದ್ರೆ ಸಮ, ಅದಕ್ಕೆ ಮುಂಚೆ ಚೆಂಡು ಹಿಡ್ಕಂಡು ಅವಳನ್ನ ಮುಟ್ಟಿದ್ರೆ ನಾವು ಗೆದ್ದಂಗೆ. ಚೆಂಡು ನಮ್ಮೋಳ ಕೈಲೈತೆ. ಆ ಮೂಲೇಲಿ ಚೆಂಡು ಹಿಡಿಯೋ ನಮ್ಮ ತಂಡದೋಳು ಎಡವಿ ಬಿದ್ದಾವ್ಳೆ. ನಮ್ಮೋಳು ಓಡೋಳ ಕಾಲ ಮುಂದೆ ಚೆಂಡು ಎಸೆದು, ಕುರಿ ತಿರುಗ್ಸೋ ಹಂಗೆ "ಹೋಯ್, ಟ್ರರ್ರ್" ಅಂದ್ಲು. ಆ ಹುಡುಗಿ ಗಕ್ಕನೆ ತಿರುಗಿ ಬಂದ ದಾರೀಲೇ ಓಡಿದ್ಲು. ಬಿದ್ದೋಳು ಎದ್ದು, ಚೆಂಡು ತಗಂಡು, ಅಟ್ಟಿಸ್ಕಂಡು ಹೋಗಿ ಮುಟ್ಟಿದ್ಲು. ಔಟು. ಗೆದ್ವಿ.

"ಇದ್ಯಾವ ಆಟಾನಮ್ಮ?" ಅಂತ ಗದರಿದ ಅಂಪೈರು.

ಅಪ್ಪ ಎದ್ದು ನಿಂತ. "ಸೊಸೇನ ಗದರಬ್ಯಾಡ್ರಿ ಸ್ವಾಮಿ. ನಿಮ್ಮನ್ನೂ ತಿರುಗಿಸ್ತಾಳೆ."

ಎಡೆ

ಸಂಬಳದ ಮೇಲೆ ಬಾಳ ವರ್ಷ ಆಡಿದ್ಲು. ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಆಟ ಇದ್ರೂ ಅಪ್ಪ ಬುತ್ತಿ ಕಟ್ಕಂಡು ಹೋಗ್ತಿದ್ದ.

ಮೊನ್ನೆ ವರ್ಷದ ಎಡೆ. ಸಮಾಧಿ ಮೇಲೆ ಹೋಳಿಗೆ ಇಟ್ವಿ, ಪಕ್ಕದಾಗೆ ಅವಳ ಚೆಂಡು. ಒಂದು ಮೇಕೆ ಹೋಳಿಗೆಗೆ ಬಂತು. ಅವಳು ಹೇಳಿದಂಗೇ ಮೇಕೆ ಮುಂದೆ ಕಲ್ಲು ಎಸೆದೆ. ಅಪ್ಪನ ಕೈಲಿದ್ದ ಚೊಂಬಿಗೆ ಬಿತ್ತು. ಮೇಕೆ ಹೋಳಿಗೆ ತಿಂತಾನೇ ಇತ್ತು.

ಅಪ್ಪ ಚೊಂಬು ನೋಡ್ದ. ಸಮಾಧಿ ನೋಡ್ದ.

"ಇನ್ನೊಂದು ಎಸಿಯಲೇ" ಅಂದ. "ಈ ಎಸೆತ ನೋಡಿ ತಡೀಲಾರ್ದೆ ಅವಳೇ ಎದ್ದು ಬಂದ್ರೂ ಬಂದಾಳು."

ನಾನು ಇನ್ನೊಂದು ಕಲ್ಲು ತಗಂಡೆ.