ತೆಗೆದುಹಾಕಲಿರುವ ಬೆಂಚಿನ ಬಗ್ಗೆ, ಒಂದೇ ಕಡತದ ದಂಪತಿಯಿಂದ

ಅಲೆಕ್ಸಾಂಡ್ರಿಯಾದ ಸಮನ್ವಯ ಆಘಾತ ಚೇತರಿಕೆ ಕೇಂದ್ರದ ಘನ ಸಹಯೋಗ ಸಮಿತಿಗೆ, ಅದರ ಐವರು ತಜ್ಞರಿಗೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ

ಮಾನ್ಯರೇ,

ನನಗೆ ಮದುವೆಯಾಯಿತು! ಹನ್ನೊಂದು ದಿನಗಳಾದವು, ಕೈಯ ಗೋರಂಟಿ ಇನ್ನೂ ಮಾಸಿಲ್ಲ, ಮನೆಯಲ್ಲಿ ಬಾದಾಮಿ ಮಿಠಾಯಿಯ ಡಬ್ಬಿಗಳು ಇನ್ನೂ ಖಾಲಿಯಾಗಿಲ್ಲ. ವರ ಬೇರೆ ಯಾರೂ ಅಲ್ಲ, ತಮ್ಮ ಕೇಂದ್ರದ ರೋಗಿಯೇ ಆದ ವಗ್ದಿ. ಈ ಶುಭವಾರ್ತೆಯನ್ನು ತಮಗೆ ಸಾದರವಾಗಿ ಒಪ್ಪಿಸುವುದು ನನ್ನ ಕರ್ತವ್ಯ; ಏಕೆಂದರೆ ನಮ್ಮೂರಾದ ದಮನ್‌ಹೂರಿನಲ್ಲಿ ನಿಕಾಹ್ ಮಾಡಿಸುವವರು ನನ್ನ ತಂದೆಯ ಕೈಯನ್ನೂ ವಗ್ದಿಯ ಕೈಯನ್ನೂ ಬಿಳಿ ಕರವಸ್ತ್ರದಡಿ ಜೋಡಿಸುವುದಕ್ಕೆ ಏಳು ತಿಂಗಳು ಮೊದಲೇ ತಾವು ನಮ್ಮಿಬ್ಬರನ್ನೂ ಒಂದೇ ಕಡತದೊಳಗೆ ಜೋಡಿಸಿಬಿಟ್ಟಿದ್ದಿರಿ. ಇಷ್ಟು ಮುಂಚಿತವಾಗಿ, ಹುಡುಗ ಹುಡುಗಿಯನ್ನು ಒಂದು ಮಾತೂ ಕೇಳದೆ ಸಂಬಂಧ ಕುದುರಿಸಿದವರು ನಮ್ಮ ಇಡೀ ಬಂಧುಬಳಗದಲ್ಲಿ ಯಾರೂ ಇಲ್ಲ.

ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ, ದೂರಿನ ಪತ್ರ ಬರೆಯುವಾಗ ಮೊದಲು ಉಪಕಾರ ಸ್ಮರಣೆ ಇರಬೇಕು ಎಂದು ಕಲಿಸಿದ್ದರು. ಆದ್ದರಿಂದ ಸ್ಮರಿಸುತ್ತೇನೆ.

ಎರಡು ವರ್ಷಗಳ ಹಿಂದೆ ನಮ್ಮ ರೈಲಿನ ನಾಲ್ಕನೆಯ ಬೋಗಿ ಹಳಿ ತಪ್ಪಿ ಕಾಲುವೆಯ ದಂಡೆಗೆ ಉರುಳಿದ ಮೇಲೆ, ನಿದ್ದೆಯನ್ನೂ ಊಟವನ್ನೂ ಬಿಟ್ಟಿದ್ದ ನನ್ನನ್ನು ಅಮ್ಮ ತಮ್ಮಲ್ಲಿಗೆ ಕರೆತಂದಳು. ಬೇರೆ ಕಡೆಗಳಲ್ಲಿ ಒಬ್ಬರೇ ವೈದ್ಯರಿರುತ್ತಾರೆ, ತಮ್ಮಲ್ಲಿ ಐವರಿದ್ದರು: ಉಸಿರಿನವರು, ಕನಸಿನವರು, ದೇಹದವರು, ಚಿತ್ರ ಬಿಡಿಸುವವರು, ಮಾತ್ರೆಯವರು. ಐವರೂ ಕೂಡಿ ಕೆಲಸ ಮಾಡುವ ವಿಧಾನ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಒಬ್ಬರ ಅಭಿಪ್ರಾಯ ಇನ್ನೊಬ್ಬರ ಮೇಲೆ ಪ್ರಭಾವ ಬೀರಬಾರದು ಎಂಬ ಉನ್ನತ ತತ್ವದಿಂದ ಐವರೂ ಬೇರೆಬೇರೆಯಾಗಿ "ಮೊದಲಿಂದ ಹೇಳಿ ಮೇಡಂ" ಎಂದರು. ನಾನು ಐದು ಸಲ ಉರುಳಿದೆ. ಆಮೇಲೆ ಐವರ ಟಿಪ್ಪಣಿಗಳೂ ಒಂದಕ್ಕೊಂದು ಹೊಂದುತ್ತಿಲ್ಲವೆಂದು ಜಂಟಿ ಸಭೆಯ ಮುಂದೆ ಆರನೆಯ ಸಲವೂ ಉರುಳಿದೆ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ, ಕೇಂದ್ರದಲ್ಲಿ ಚಹಾ ಮಾಡಿಕೊಡುವ ಉಮ್ ರಾಫತ್ ಅಂದು ಹೇಳಿದ್ದು ತಮ್ಮ ಯಾವ ಟಿಪ್ಪಣಿಯಲ್ಲೂ ಇಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತೇನೆ: "ಅಯ್ಯೋ ನನ್ ಮಗಳೇ, ಆ ರೈಲೂ ಇಷ್ಟು ಸಲ ಉರುಳಿರ್ಲಿಲ್ವಲ್ಲೇ. ಬಾ ಈ ಕಡೆ, ಚಹಾ ಕುಡಿ."

ಜಂಟಿ ಸಭೆಗಳು ಹೇಳಿದ ಹೊತ್ತಿಗೆ ಎಂದೂ ಮುಗಿಯುತ್ತಿರಲಿಲ್ಲ ಎಂಬುದಕ್ಕಾಗಿ ತಮಗೆ ನಾನು ಜೀವನಪೂರ್ತಿ ಋಣಿ. ಆ ಗಂಟೆಗಟ್ಟಲೆ ಹೊತ್ತನ್ನು ನಾವು ರೋಗಿಗಳು ಹಜಾರದ ಒಂದೇ ಒಂದು ಉದ್ದ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕಳೆದೆವು. ಉಮ್ ರಾಫತ್ ತನ್ನ ಮನೆಯ ರಾತ್ರಿಯಡುಗೆಗೆಂದು ತಂದ ಮುಲೂಖಿಯಾ ಸೊಪ್ಪಿನ ಕಟ್ಟುಗಳನ್ನು ಬೆಂಚಿನ ಮೇಲೆ ಬಿಚ್ಚುತ್ತಿದ್ದಳು. ಯಾರ ಕೈ ನಡುಗುತ್ತಿದೆಯೋ ಅವರ ಮಡಿಲಿಗೆ ಒಂದು ಕಟ್ಟು ಬೀಳುತ್ತಿತ್ತು. "ನಡುಗಿದ್ರೆ ನಡುಗ್ಲಿ ಬಿಡು, ಯಾಕೆ ನಡುಗ್ತೀಯಾ ಅಂತ ಸೊಪ್ಪೇನು ಕೇಳುತ್ತಾ? ಎಲೆ ಬಿಡಿಸು, ದಂಟು ಆ ಕಡೆ ಹಾಕು." ನಾವು ಬಿಡಿಸಿದೆವು. ನಮ್ಮ ಭಯದಿಂದ ಆಕೆಯ ಮನೆಯವರು ವರ್ಷವಿಡೀ ಊಟ ಮಾಡಿದರು.

ಈಗ ಆ ಕಡತದ ವಿಷಯ. ನಾನೂ ವಗ್ದಿಯೂ ಕೂತಿದ್ದುದು ಒಂದೇ ಬೋಗಿ, ಒಂದೇ ಸಾಲು, ಉರುಳಿದ್ದು ಒಂದೇ ನಿಮಿಷ. ಆದ್ದರಿಂದ ಆಘಾತವೂ ಒಂದೇ ಎಂದು ತೀರ್ಮಾನಿಸಿದ ತಾವು ನನ್ನ ಕಡತವನ್ನೂ ವಗ್ದಿಯ ಕಡತವನ್ನೂ ಸಮನ್ವಯಗೊಳಿಸಿದಿರಿ. ಮರುವಾರದಿಂದಲೇ ಕನಸಿನವರು ನನ್ನ ಸೈನ್ಯದ ದಿನಗಳ ಬಗ್ಗೆ ಮೃದುವಾಗಿ ವಿಚಾರಿಸತೊಡಗಿದರು; ಸೈನ್ಯದಲ್ಲಿದ್ದವನು ವಗ್ದಿ. ದೇಹದವರು ವಗ್ದಿಗೆ, ಒಡೆದುಹೋದ ಬಳೆಗಳನ್ನು ಮನಸ್ಸಿನಿಂದ ಬಿಟ್ಟುಕೊಡಿ ಎಂದು ಮೂರು ವಾರ ಬೋಧಿಸಿದರು. ಆತ ಸಂಕೋಚದ ಮನುಷ್ಯ, ಪ್ರಯತ್ನಿಸಿದನಂತೆ. ಕೊನೆಗೆ ಒಂದು ದಿನ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಬಂದು, "ಮೇಡಂ, ತಪ್ಪು ತಿಳೀಬೇಡಿ, ನಿಮ್ಮ ಕೆಟ್ಟ ಕನಸೊಂದು ನನ್ನ ಲೆಕ್ಕಕ್ಕೆ ಬಂದ್ಬಿಟ್ಟಿದೆ, ವಾಪಸ್ ತಗೋತೀರಾ?" ಎಂದ. ನಾನು, "ನನ್ನದು ನೀರಿನ ಕನಸು. ರೈಲಿನ ಸೀಟಿ ಕೇಳಿದ್ರೆ ಕಿವಿ ಮುಚ್ಕೊಳ್ಳೋದು ನಿಮ್ದಾ? ಅದಕ್ಕೆ ನಾನು ಎರಡು ತಿಂಗಳಿಂದ ಮಾತ್ರೆ ನುಂಗ್ತಿದೀನಿ" ಎಂದೆ. ಸೊಪ್ಪು ಬಿಡಿಸುತ್ತಾ ಯಾರದು ಯಾವುದು ಎಂದು ವಿಂಗಡಿಸಲು ಕುಳಿತೆವು. ವಿಂಗಡಿಸಬೇಕಾದರೆ ಹೇಳಬೇಕಾಯಿತು. ಯಾರೂ "ಮೊದಲಿಂದ" ಎನ್ನಲಿಲ್ಲವಾದ್ದರಿಂದ ನಾನು ನಡುವಿನಿಂದ ಶುರುಮಾಡಿದೆ.

ನನ್ನ ಎದುರಿನ ಸೀಟಿನಲ್ಲಿ ಕಪ್ಪು ಉಡುಪಿನ ಒಬ್ಬ ಹೆಂಗಸು ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು, ಒಂದನ್ನು ಸೀಳಿ ಅರ್ಧ ನನಗೆ ಕೊಟ್ಟಳು. ಅದು ಬಾಯಲ್ಲಿರುವಾಗಲೇ ಎಲ್ಲ ಆಯಿತು. ಅಂದಿನಿಂದ ಎಲ್ಲಿ ಹೋದರೂ ಸೀಬೆಹಣ್ಣಿನ ವಾಸನೆ. ತಮ್ಮ ಕಡತದಲ್ಲಿ ಅದನ್ನು "ಇಲ್ಲದ ವಾಸನೆಯ ಭ್ರಮೆ" ಎಂದು ಐವರ ಸಹಿಯೊಂದಿಗೆ ದಾಖಲಿಸಲಾಗಿದೆ. ವಗ್ದಿ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟು ಹೇಳಿದ: "ಭ್ರಮೆ ಅಲ್ಲ. ಆ ಬುಟ್ಟಿ ನನ್ನ ಕಾಲ ಮೇಲೇ ಬಿತ್ತು. ಹಣ್ಣೆಲ್ಲಾ ಜಜ್ಜಿಹೋಗಿತ್ತು. ಬೋಗಿಯೆಲ್ಲಾ ಅದೇ ವಾಸನೆ." ಆಕೆ ಬದುಕಲಿಲ್ಲ. ಆಕೆಯ ಹೆಸರು ನಮ್ಮಿಬ್ಬರಿಗೂ ಗೊತ್ತಿಲ್ಲ. ಆದರೆ ಆಕೆ ಇದ್ದಳು ಎಂದು ಹೇಳುವ ಇನ್ನೊಬ್ಬರು ಸಿಕ್ಕ ದಿನ ನಾನು ಮನೆಗೆ ಹೋಗಿ ಎರಡು ತಟ್ಟೆ ಕೊಶರಿ ತಿಂದು ಮಾರನೆಯ ಬೆಳಿಗ್ಗೆ ಹತ್ತರವರೆಗೆ ಮಲಗಿದೆ. ಈ ಸುಧಾರಣೆಯನ್ನು ತಮ್ಮ ಸಮಿತಿಯು ಉಸಿರಿನ ವ್ಯಾಯಾಮದ ಹೆಸರಿಗೆ ಬರೆದುಕೊಂಡಿದೆ. ಇರಲಿ, ಮದುವೆಯ ಉಡುಗೊರೆ ಎಂದುಕೊಳ್ಳಿ.

ಮದುವೆಯ ದಿನ ನಮ್ಮ ಹೆಂಗಸರು ನಲವತ್ತು ಮಂದಿ ನಾಲಿಗೆ ಹೊರಳಿಸಿ ಒಟ್ಟಿಗೆ ಹರ್ಷದ ಕೂಗು ಹಾಕಿದಾಗ ಅದು ಥೇಟ್ ರೈಲಿನ ಸೀಟಿಯಂತೆಯೇ ಇತ್ತು. ವಗ್ದಿ ಬಿಳಿಚಿಕೊಂಡ, ನನ್ನ ಕೈಯನ್ನು ಹಿಂಡಿದ, ಆಮೇಲೆ ನಕ್ಕ. ತಮ್ಮ ಯೋಜನೆಯ ಪ್ರಕಾರ ಇದು ಮುಂದಿನ ವರ್ಷ ಆಗಬೇಕಿತ್ತು. ಅವಸರಕ್ಕಾಗಿ ಕ್ಷಮೆ ಇರಲಿ.

ಇಷ್ಟೆಲ್ಲ ಉಪಕಾರದ ನಡುವೆ ತಮ್ಮ ಆದೇಶ ನನಗೆ ತಲುಪಿದೆ. ರೋಗಿಗಳು ತಮ್ಮತಮ್ಮಲ್ಲೇ ಮಾತಾಡಿ ನೆನಪುಗಳನ್ನು ಕಲಬೆರಕೆ ಮಾಡಿಕೊಳ್ಳುತ್ತಿರುವುದರಿಂದ ಬೆಂಚನ್ನು ತೆಗೆದು ಐದು ಪ್ರತ್ಯೇಕ ಗೂಡುಗಳನ್ನು ಕಟ್ಟಿಸಲಾಗುವುದು. "ಅನಧಿಕೃತ ಸೊಪ್ಪು ಚಟುವಟಿಕೆ"ಗಾಗಿ ಉಮ್ ರಾಫತ್‌ಳನ್ನು ಕೆಲಸದಿಂದ ಬಿಡಿಸಲಾಗುವುದು. ಆಕ್ಷೇಪ ಇರುವವರು ಭಾನುವಾರ ಬೆಳಿಗ್ಗೆ ಹತ್ತೂವರೆಯೊಳಗೆ ಖುದ್ದಾಗಿ ಹಾಜರಾಗದಿದ್ದರೆ ಆದೇಶ ಶಾಶ್ವತ. ನೆನಪುಗಳನ್ನು ಕಲಬೆರಕೆ ಮಾಡುವ ಹಕ್ಕು ಸಮಿತಿಗೆ ಮಾತ್ರ ಇದೆ ಎಂಬುದನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಎಂಟು ತಿಂಗಳು ತುಟಿ ಬಿಚ್ಚದಿದ್ದ ನಮ್ಮ ಜೊತೆಯ ರೋಗಿ ಫೆರಿಯಾಲ್ ಟೀಚರ್ ಕಳೆದ ತಿಂಗಳಷ್ಟೇ ಆ ಬೆಂಚಿನ ಮೇಲೆ ಉಮ್ ರಾಫತ್‌ಗೆ "ಈ ಎಲೆ ಬಾಡಿದೆ" ಎಂದರು. ಎರಡೇ ದಿನ ಹಿಂದೆ "ಬೆಳ್ಳುಳ್ಳಿ ಎಷ್ಟು ಹಾಕ್ತೀಯಾ?" ಎಂದು ಕೇಳಿದರಂತೆ. ಮೂರನೆಯ ಮಾತನ್ನು ಅವರು ಗೂಡಿನ ಗೋಡೆಗೆ ಹೇಳಬೇಕೆ?

ಆದ್ದರಿಂದ ನನ್ನ ಸಣ್ಣಪುಟ್ಟ ಬೇಡಿಕೆಗಳನ್ನು ಸಲ್ಲಿಸುತ್ತೇನೆ. ಬೆಂಚು ಇದ್ದಲ್ಲೇ ಇರಲಿ, ಉಮ್ ರಾಫತ್ ಅದರ ಪಕ್ಕದಲ್ಲೇ ಇರಲಿ. ಸಮಿತಿಯ ಮುಂದಿನ ಜಂಟಿ ಸಭೆ ಅದೇ ಬೆಂಚಿನ ಮೇಲೆ ನಡೆಯಲಿ, ತಾವು ಐವರೂ ಸೊಪ್ಪು ಬಿಡಿಸುತ್ತಾ ತಮ್ಮನ್ನು ಹೆದರಿಸಿದ ಒಂದೊಂದು ಸಂಗತಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ದಂಟು ಮಾತ್ರ ಆ ಕಡೆ. ನಮ್ಮ ಕಡತವನ್ನು ದಯವಿಟ್ಟು ಇನ್ನು ಬೇರ್ಪಡಿಸಬೇಡಿ, ನಮ್ಮಲ್ಲಿ ಅದಕ್ಕೆ ವಿಚ್ಛೇದನ ಎನ್ನುತ್ತಾರೆ, ನನಗೆ ಮದುವೆಯಾಗಿ ಇನ್ನೂ ಹನ್ನೊಂದೇ ದಿನ. ಮುಂದೆ ಮಗುವಾದರೆ ಅದೇ ಕಡತದಲ್ಲಿ ಒಂದು ಪುಟ ಖಾಲಿ ಬಿಟ್ಟಿರಿ. ಅಲ್ಲದೆ ಆ "ಭ್ರಮೆ" ಎಂಬ ಸಾಲನ್ನು ಹೊಡೆದುಹಾಕಿ, ಅಲ್ಲಿ "ಒಬ್ಬ ಹೆಂಗಸು ಇದ್ದಳು, ಹಣ್ಣು ಕೊಟ್ಟಳು" ಎಂದು ಬರೆಯಿರಿ. ಈ ಕೊನೆಯದು ತಮಾಷೆಯಲ್ಲ.

ತಮ್ಮ ವಿಶ್ವಾಸಿ, ಕಡತದ ಮೊದಲರ್ಧ,
ನರ್ಮೀನ್

ಮರೆತ ಮಾತು: ನಾನೂ ವಗ್ದಿಯೂ ಚಿಕಿತ್ಸೆಯ ಮೂರನೆಯ ಹಂತವಾದ "ಬೆಂಬಲಸಹಿತ ನಿಲ್ದಾಣ ಭೇಟಿ"ಯನ್ನು ಇನ್ನೂ ಮುಗಿಸಿಲ್ಲವಾದ್ದರಿಂದ ರೈಲು ಹತ್ತಲು ಅರ್ಹರಲ್ಲ ಎಂದು ಆದೇಶದ ಕೊನೆಯ ಸಾಲಿನಲ್ಲಿದೆ. ಐವರೂ ಕೂಡಿಯೇ ನಮ್ಮನ್ನು ನಿಲ್ದಾಣಕ್ಕೆ ಕರೆದೊಯ್ಯಬೇಕು, ಐವರ ರಜೆಯೂ ಕೂಡಿಬರುತ್ತಿಲ್ಲ ಎಂದು ಒಂಬತ್ತು ತಿಂಗಳಿಂದ ಕಾದಿದ್ದೇವೆ. ಎರಡು ವರ್ಷದಿಂದ ತಮ್ಮಲ್ಲಿಗೆ ಮಿನಿಬಸ್ಸಿನಲ್ಲೇ ಬರುತ್ತಿದ್ದೆ. ಆದರೆ ಭಾನುವಾರ ಬೆಳಿಗ್ಗೆ ಹತ್ತೂವರೆಯೊಳಗೆ ತಲುಪುತ್ತೇವೆ ಎಂದು ಆ ಮಿನಿಬಸ್ಸನ್ನು ನಂಬಲಾಗದು. ಉಮ್ ರಾಫತ್‌ಗೆ ಹೇಳಿ ಚಹಾಕ್ಕೆ ನೀರಿಡಿಸಿ, ಸೀಬೆಹಣ್ಣು ನಾವು ತರುತ್ತೇವೆ. ನನ್ನ ಕೈ ಈಗಲೇ ನಡುಗುತ್ತಿದೆ, ಅಕ್ಷರ ನೋಡಿದರೆ ತಮಗೂ ಗೊತ್ತಾಗುತ್ತದೆ, ನಡುಗಲಿ ಬಿಡಿ. ಬರುವ ಭಾನುವಾರ, ದಮನ್‌ಹೂರಿನಿಂದ ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊರಡುವ ಪ್ಯಾಸೆಂಜರ್ ರೈಲು, ನಾಲ್ಕನೆಯ ಬೋಗಿ.