ಸಂಬಳದ ನಗು

ಗೌರಿಬಿದನೂರಿನ ಸೀರೆ ಅಂಗಡಿಯಲ್ಲಿ ನನ್ನ ಅರ್ಧ ಕೆಲಸ ಸೀರೆ ಬಿಡಿಸುವುದು, ಇನ್ನರ್ಧ ನಗುವುದು. ಹಾಗಾಗಿ ನಗೆ ಪ್ರಸಂಗಗಳಿಗೆ ನನಗೇನೂ ಬರವಿಲ್ಲ. "ಗಿರಾಕಿ ತಗೊಳ್ಲಿ ಬಿಡ್ಲಿ, ಹಲ್ಲು ಕಾಣ್ಬೇಕಮ್ಮ" ಎಂಬುದು ನಮ್ಮ ಮಾಲೀಕರಾದ ಸಾಹೇಬರ ಒಂದೇ ಕಾನೂನು.

ಮನಸ್ಸಿಗೆ ಬಂದ ಸೀರೆ

ಮಗಳ ಮದುವೆಗೆಂದು ಬಂದ ಒಬ್ಬರು ಊಟದ ಹೊತ್ತಿನವರೆಗೂ ಕಪಾಟು ಖಾಲಿ ಮಾಡಿಸಿದರು. ಸೆರಗುಗಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ತೋರಿಸಿ ತೋರಿಸಿ ಕುತ್ತಿಗೆ ಹಿಡಿದುಕೊಂಡಿತು. ಕೊನೆಗೆ ಅವರು, "ಯಾವ್ದೂ ಒಪ್ಪಲಿಲ್ಲಮ್ಮ. ನೀನುಟ್ಟಿದ್ದೀಯಲ್ಲ, ಅಂಥದ್ದು ಕೊಡು" ಅಂದರು.

"ಇದು ಅಂಗಡಿ ಯೂನಿಫಾರಂ ಅಮ್ಮ, ಎಲ್ಲರಿಗೂ ಇದೇ."

"ಹೌದಾ? ಹಂಗಾದ್ರೆ ನಮ್ಮನೆ ಹೆಂಗಸರಿಗೆಲ್ಲ ಒಂದೊಂದು ಕೊಡು."

ಮನೆಯಲ್ಲಿ

ಅಷ್ಟು ನಕ್ಕು ಮನೆಗೆ ಬಂದರೆ ಮುಖ ತಾನಾಗಿ ಗಂಟಾಗುತ್ತದೆ. ಒಂದು ಸಂಜೆ ಊಟಕ್ಕೆ ಕೂತ ನಮ್ಮ ಯಜಮಾನರ ತಟ್ಟೆ ಖಾಲಿಯಾಗಿದ್ದು ಕಂಡು, "ಇನ್ನೊಂದು ತೋರಿಸ್ಲಾ ಸರ್?" ಅಂದುಬಿಟ್ಟೆ. ಅವರು ನನ್ನ ಕೈಲಿದ್ದ ಮುದ್ದೆ ನೋಡಿ, "ಬೇರೆ ಡಿಸೈನ್ ಇದ್ರೆ ತೋರಿಸಿ" ಅಂದರು. ನನಗೆ ನಗು ಬರಲಿಲ್ಲ.

ಐದನೇ ಕ್ಲಾಸಿನ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ನಾನು ಅಂಗಡಿಗೆ ಬಂದ್ರೆ ನನ್ ಹತ್ರಾನೂ ನಗ್ತೀಯಾ?"

ಊರವರಿಗೆಲ್ಲ ನಗು ಹಂಚಿ ಮಗಳಿಗೇ ಇಲ್ಲವಾಯಿತಲ್ಲ ಎಂದು ಅಳು ಬಂತು. ಅಳೋಣವೆಂದರೆ ತೊಳೆಯುವ ಪಾತ್ರೆ ಬಿದ್ದಿದ್ದವು.

ನಗರಗೆರೆ ಅಜ್ಜಿ

ಮಾರನೇ ದಿನ ನಗರಗೆರೆಯಿಂದ ಒಬ್ಬ ಅಜ್ಜಿ ಕಾಟನ್ ಸೀರೆಗೆಂದು ಬಂದರು. ನಾನು ಎಂದಿನಂತೆ ಹಲ್ಲು ತೋರಿಸಿದೆ. ಅವರು ನನ್ನನ್ನೇ ನೋಡಿ, "ನಗಬೇಡ ಬಿಡು ತಲ್ಲೀ, ನನ್ ತಾಯಿ. ನೋಡಕ್ಕೆ ನಂಗೇ ಕಷ್ಟ ಆಗ್ತೈತೆ" ಅಂದರು.

ಅಷ್ಟೇ, ಕಣ್ಣೀರು ಇಳಿಯಿತು. ಅಜ್ಜಿ ಚಪ್ಪಲಿ ಬಿಟ್ಟು ನನ್ನ ಜಾಗದಲ್ಲಿ ಬಂದು ಕೂತರು. "ನೀನು ಆ ಕಡೆ ಕೂತ್ಕೊ. ನಾನು ತೋರಿಸ್ತೀನಿ." ಅವರು ಒಂದೊಂದೇ ಸೀರೆ ಬಿಡಿಸುತ್ತಾ ಹೋದರು, ನಾನು ಮೂಗು ಒರೆಸಿಕೊಳ್ಳುತ್ತಾ ಮಗಳ ಮಾತು ಹೇಳಿದೆ.

ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದು ಅಜ್ಜಿಯನ್ನೇ ರೇಟು ಕೇಳಿದರು. "ಚೀಟಿ ಮೇಲೈತೆ, ಓದ್ಕಳಮ್ಮ. ಈ ಬಣ್ಣ ನಿಂಗೆ ಒಪ್ಪಲ್ಲ, ಅದು ತಗೋ" ಅಂದರು ಅಜ್ಜಿ. ಇಬ್ಬರೂ ಅವರು ತೋರಿಸಿದ್ದನ್ನೇ ತೆಗೆದುಕೊಂಡು ಹೋದರು.

ಗಲ್ಲಾದಿಂದ ನೋಡುತ್ತಿದ್ದ ಸಾಹೇಬರು ಎದ್ದು ಬಂದರು. "ಅಜ್ಜಿ, ನಾಳೆಯಿಂದ ಕೆಲಸಕ್ಕೆ ಬರ್ತೀರಾ?"

"ಬರ್ತೀನಪ್ಪ. ಏನು ಮಾಡ್ಬೇಕು?"

"ಹಲ್ಲು ಕಾಣೋ ಹಂಗೆ ನಗ್ಬೇಕು, ಅಷ್ಟೇ."

ಅಜ್ಜಿ ಬೊಚ್ಚು ಬಾಯಿ ತೆರೆದು ತೋರಿಸಿದರು. "ಹಂಗಾದ್ರೆ ಆಗಲ್ಲ ಬಿಡು. ನನ್ ಹಲ್ಲಿನ ಸೆಟ್ಟು ಮದುವೆ ಮನೆಗೆ ಮಾತ್ರ."

ಸಂಜೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ತುಟಿ ಒಳಗೆ ಮಡಚಿಕೊಂಡು ಟವೆಲ್ ಹರಡಿ, "ಈ ಬಣ್ಣ ನಿಂಗೆ ಒಪ್ಪಲ್ಲಮ್ಮ" ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನನ್ನ ಮಡಿಲಿಗೆ ಬಿದ್ದು ನಕ್ಕಳು.

ಯಜಮಾನರು ಬಾಗಿಲಲ್ಲಿ ನಿಂತು ನೋಡಿ ಅಂದರು: "ಮೆಲ್ಲಗೆ ನಗು. ಸಾಹೇಬ್ರಿಗೆ ಗೊತ್ತಾದ್ರೆ ಭಾನುವಾರನೂ ಕರೀತಾರೆ."